ರೈಲಿನ ಪಟ ಹಿಡಿಯುವವರ ನಡುವೆ ಒಂದು ದಿನ

ಮಕ್ಕಳಿಗೆ ಒಂದೊಂದು ವಯಸ್ಸಿನಲ್ಲಿ ಒಂದೊಂದು ಹುಚ್ಚು ಹಿಡಿಯುವುದು ನಮಗೆಲ್ಲ ಗೊತ್ತಿದ್ದದ್ದೇ. ನಮ್ಮ ಎದುರುಮನೆ ಹುಡುಗನಿಗೆ ಪಾರಿವಾಳದ ಹುಚ್ಚು, ನನ್ನ ವಾರಗಿತ್ತಿಯ ಮಗಳಿಗೆ ಹಳೆಯ ನಾಣ್ಯದ ಹುಚ್ಚು. ನಮ್ಮ ಚಿಕ್ಕವನಿಗೆ ಹಿಡಿದಿರುವುದು ರೈಲಿನ ಹುಚ್ಚು. ರೈಲಿನಲ್ಲಿ ಊರೂರು ಸುತ್ತುವ ಹುಚ್ಚಾದರೆ ಎಲ್ಲರಿಗೂ ಇರುತ್ತದೆ ಎನ್ನಬಹುದಿತ್ತು. ಇವನದು ರೈಲಿನ ಫೋಟೋ ತೆಗೆಯುವ ಹುಚ್ಚು, ಸೋದರಿಯರೇ! ಬೆಳಿಗ್ಗೆ ಹಾಲು ತರಲು ಹೋದವನು ಮುಕ್ಕಾಲು ಗಂಟೆಯಾದರೂ ಬರಲಿಲ್ಲ ಅಂದರೆ, ಸ್ಟೇಷನ್ನಿಗೆ ಯಾವುದೋ ಹೊಸ ಎಂಜಿನ್ ಬಂದಿದೆ ಅಂತಲೇ ಲೆಕ್ಕ.

ಅವನ ಸೋದರಮಾವ ತಾನು ಬಳಸಿ ಬಿಟ್ಟ ಕ್ಯಾಮರಾ ಒಂದನ್ನು ಕೊಟ್ಟಿದ್ದೇ ಇದಕ್ಕೆಲ್ಲ ಮೂಲ. ಈಗ ಅದಕ್ಕೊಂದು ಲೆನ್ಸ್ ಬೇಕಂತೆ, ಬೆಲೆ 28,000 ರೂಪಾಯಿ ಅಂತೆ. ನಮ್ಮ ಮನೆಯವರು ಕೇಳಿದವರೇ ಕೆಂಡವಾದರು. ದುಡ್ಡಿನ ಮಾತು ಹಾಗಿರಲಿ, ಹಳಿಯ ಪಕ್ಕ ಫೋನು ಹಿಡಿದು ನಿಂತು ಪ್ರಾಣ ಕಳಕೊಂಡ ಹುಡುಗರ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ ನಾವು? ಅದನ್ನು ಓದಿದ ದಿನ ನನಗೆ ಊಟ ಸೇರುವುದಿಲ್ಲ. "ಡಿಪ್ಲೊಮಾ ಮುಗಿಯೋವರೆಗೂ ಆ ಕ್ಯಾಮರಾನ ಬೀರುವಿನಲ್ಲಿಟ್ಟು ಬೀಗ ಹಾಕು" ಅಂದರು ಇವರು. ಅದೇ ಹೊತ್ತಿಗೆ ಮಗ, "ಅಮ್ಮ, ಬರೋ ಭಾನುವಾರ ಮೈಸೂರಿನಲ್ಲಿ ರೈಲು ಫೋಟೋ ತೆಗೆಯೋರೆಲ್ಲ ಸೇರ್ತಾರೆ" ಅಂದ. ನಾನು ಇವರಿಗೆ ಹೇಳಿದೆ: "ರೀ, ನಾನೂ ಜೊತೆಗೆ ಹೋಗಿಬರ್ತೀನಿ. ಎಂಥಾ ಜನ, ಏನು ಮಾಡ್ತಾರೆ ಅಂತ ಕಣ್ಣಾರೆ ಕಂಡ ಮೇಲೆ ಬೀಗದ ಮಾತು."

ಹಾಗೆ, ಬೆಳಗಿನ ರೈಲಿಗೆ ಬುತ್ತಿ ಕಟ್ಟಿಕೊಂಡು ಹೊರಟೆವು.

ಮೈಸೂರಿನ ರೈಲ್ವೆ ಮ್ಯೂಸಿಯಂ ಸ್ಟೇಷನ್ನಿನ ಮಗ್ಗುಲಲ್ಲೇ ಇದೆ. 1979ರಲ್ಲಿ ಶುರುವಾದದ್ದು. ಅಲ್ಲಿನ ಮರದ ನೆರಳಿನಲ್ಲಿ ಸುಮಾರು ನಲವತ್ತು ಜನ ಸೇರಿದ್ದರು. ಎಲ್ಲರೂ ಎಳೆ ಹುಡುಗರಿರಬೇಕು ಅಂತ ನಾನು ಎಣಿಸಿದ್ದೆ. ನೋಡಿದರೆ ಒಬ್ಬ ದಂತವೈದ್ಯರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಗ್ಯಾರೇಜಿನ ಮೆಕ್ಯಾನಿಕ್ಕು, ಕಾಲೇಜು ಮಕ್ಕಳು, ಬೆಂಗಳೂರಿನಿಂದ ಬಂದ ಇಬ್ಬರು ಹೆಣ್ಣುಮಕ್ಕಳು. ಯಾರೂ ಯಾರನ್ನೂ ಯಾವ ಜನ, ಎಷ್ಟು ಸಂಬಳ ಅಂತ ಕೇಳಲಿಲ್ಲ. ಅಲ್ಲಿ ಮೊದಲ ಮಾತೇ "ನಿಮ್ಮ ಸ್ಟೇಷನ್ ಯಾವುದು?" ಅಂತ.

ಮೊದಲು ಎಲ್ಲರೂ ಮ್ಯೂಸಿಯಂ ಸುತ್ತಿದೆವು. ಮೈಸೂರು ಮಹಾರಾಣಿಯವರ ಸಲೂನ್ ಬೋಗಿ ಅಲ್ಲಿದೆ, 1899ರದು. ಅದರಲ್ಲಿ ಅಡುಗೆಮನೆ, ಊಟದ ಕೋಣೆ, ಶೌಚಗೃಹ ಎಲ್ಲವೂ ಉಂಟು. ಚಲಿಸುವ ಅಡುಗೆಮನೆ ಅಂದರೆ ನಾನು ಬಿಟ್ಟೇನೆಯೇ? ಹುಡುಗರು ಎಂಜಿನ್ನುಗಳ ಸುತ್ತ ತಿರುಗುತ್ತಿದ್ದರೆ ನಾನು ಅಲ್ಲೇ ಕಾಲು ಗಂಟೆ ನಿಂತೆ. ಬಡವರ ಬೋಗಿಗೆ ಶೌಚಾಲಯದ ಭಾಗ್ಯ ಆ ಕಾಲದಲ್ಲಿ ಇರಲಿಲ್ಲವಂತೆ. 1909ರಲ್ಲಿ ಓಖಿಲ್ ಚಂದ್ರ ಸೇನ್ ಎಂಬ ಬಂಗಾಳಿ ಪ್ರಯಾಣಿಕರು ಹಲಸಿನಹಣ್ಣು ತಿಂದು ಹೊಟ್ಟೆ ಕೆಟ್ಟು ಸ್ಟೇಷನ್ನಿನಲ್ಲಿ ಇಳಿದರಂತೆ, ಅಷ್ಟರಲ್ಲಿ ಗಾರ್ಡು ಸೀಟಿ ಊದಿ ರೈಲು ಹೊರಟೇಹೋಯಿತಂತೆ. ಅವರು ಹರಕು ಮುರುಕು ಇಂಗ್ಲಿಷಿನಲ್ಲಿ ಬರೆದ ದೂರಿನ ಕಾಗದವನ್ನು ದೆಹಲಿಯ ರೈಲ್ವೆ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆ ಅಂತ ಆ ದಂತವೈದ್ಯರು ಹೇಳಿದಾಗ ನಕ್ಕೂ ನಕ್ಕೂ ಸಾಕಾಯಿತು.

ಆಮೇಲೆ ಹುಡುಗರು ನನಗೆ ಎಂಜಿನ್ ಓದುವುದನ್ನು ಹೇಳಿಕೊಟ್ಟರು. ಎಂಜಿನ್ನಿನ ಮೈಮೇಲೆ ಡಬ್ಲ್ಯು ಎ ಪಿ, ಡಬ್ಲ್ಯು ಡಿ ಜಿ ಅಂತ ಏನೇನೋ ಬರೆದಿರುವುದನ್ನು ನೀವೂ ನೋಡಿರುತ್ತೀರಿ. ಮೊದಲ ಅಕ್ಷರ ಹಳಿಯ ಅಗಲ: ಡಬ್ಲ್ಯು ಅಂದರೆ ಐದೂವರೆ ಅಡಿಯ ಬ್ರಾಡ್‌ಗೇಜು, ವೈ ಅಂದರೆ ಮೀಟರ್‌ಗೇಜು. ಎರಡನೆಯದು ಎ ಆದರೆ ಕರೆಂಟಿನದು, ಡಿ ಆದರೆ ಡೀಸೆಲ್ಲು. ಕೊನೆಯದು ಪಿ ಆದರೆ ಜನರ ಗಾಡಿ ಎಳೆಯುವಂಥದು, ಜಿ ಆದರೆ ಗೂಡ್ಸು. ಇಷ್ಟೇ! ಬಳೆಯ ಒಳಮಗ್ಗುಲ ಹಾಲ್‌ಮಾರ್ಕ್ ಓದುವುದಕ್ಕಿಂತ ಸುಲಭ. ಜೊತೆಗೆ ಪ್ರತಿ ಎಂಜಿನ್ನಿನ ಮೇಲೂ ಅದರ ಶೆಡ್ಡಿನ ಹೆಸರಿರುತ್ತದೆ. ದೇಶವೆಲ್ಲ ಸುತ್ತಿದರೂ ತಪಾಸಣೆಗೆ, ದುರಸ್ತಿಗೆ ಅದು ಆ ಶೆಡ್ಡಿಗೇ ಹೋಗಬೇಕು. "ಅಂದ್ರೆ ಎಂಜಿನ್ನಿಗೂ ತವರುಮನೆ ಇದೆ ಅನ್ನಿ" ಅಂದೆ. ಆ ಬೆಂಗಳೂರಿನ ಹುಡುಗಿ, "ಆಂಟಿ, ಇನ್ಮೇಲೆ ನಾವೂ ಹಾಗೇ ಹೇಳ್ತೀವಿ" ಅಂದಳು.

ನಾನು ಹೋದದ್ದು ನೆರಳಿನಲ್ಲಿ ಕೂತು ನಗುವುದಕ್ಕಲ್ಲವಲ್ಲ? ನನ್ನ ಎದೆಯಲ್ಲಿದ್ದ ಪ್ರಶ್ನೆ ಕೇಳಿಯೇ ಬಿಟ್ಟೆ: "ಹಳಿ ಹತ್ತಿರ ಹೋಗೋದು ಅಪಾಯ ಅಲ್ವೇ?"

ಉತ್ತರ ಕೊಟ್ಟವರು ಮೂವತ್ತಕ್ಕೂ ಹೆಚ್ಚು ವರ್ಷ ರೈಲು ಓಡಿಸಿ ನಿವೃತ್ತರಾದ ಯಜಮಾನರು. ಅವರ ಕಾಲದಲ್ಲಿ ಡ್ರೈವರ್ ಅಂತಿದ್ದರು, ಈಗ ಲೋಕೋ ಪೈಲಟ್ ಅಂತಾರೆ. "ತಾಯಿ, ಗಂಟೆಗೆ 100 ಕಿಲೋಮೀಟರ್ ಓಡೋ ರೈಲು ಒಂದು ಸೆಕೆಂಡಿಗೆ 28 ಮೀಟರ್ ಮುಂದೆ ಬರ್ತದೆ" ಅಂದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಐದು ಸೀರೆಗಳನ್ನು ಉದ್ದುದ್ದ ಹಾಸಿದಷ್ಟು ದೂರ, ನಾವು ಒಂದು ಸಲ ರೆಪ್ಪೆ ಬಡಿದು ಬಿಡುವುದರೊಳಗೆ! "ಬ್ರೇಕು ಹಾಕಿದ್ರೂ ನಿಲ್ಲೋಕೆ ಸುಮಾರು ಒಂದು ಕಿಲೋಮೀಟರ್ ಬೇಕು. ಹಳಿ ಮೇಲೆ ಹುಡುಗರನ್ನ ಕಂಡಾಗ ನಾವು ಹಾರ್ನ್ ಒತ್ತಬಹುದು, ದೇವರನ್ನ ನೆನೀಬಹುದು. ಮೂರನೇದು ನಮ್ಮ ಕೈಲಿರಲ್ಲ. ಆಮೇಲೆ ಎಷ್ಟೋ ರಾತ್ರಿ ನಿದ್ದೆ ಬರಲ್ಲ." ಇದನ್ನು ಹೇಳುವಾಗ ಅವರ ದನಿ ಸಣ್ಣಗಾಯಿತು. ನಲವತ್ತು ಜನವೂ ಸುಮ್ಮನಾದರು.

ಅವರು ಇನ್ನೂ ಹೇಳಿದರು. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಮುಟ್ಟಲೇಬೇಕೆಂದಿಲ್ಲ, ಕೋಲು ಹತ್ತಿರ ಹೋದರೂ ಸಾಕು. ಅದಕ್ಕೇ ಸೆಲ್ಫಿ ಕೋಲನ್ನು ಎತ್ತಬಾರದು, ನಿಂತ ಬೋಗಿಯ ಮೇಲೆ ಹತ್ತಬಾರದು. ಅಪ್ಪಣೆಯಿಲ್ಲದೆ ಹಳಿ ಮೇಲೆ ಕಾಲಿಡುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು ಆಗಬಹುದು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಘಾಟಿಯಲ್ಲಿ 57 ಸುರಂಗಗಳಿವೆ. ಹಿಂದೆ ಗುಂಪುಗುಂಪಾಗಿ ಜನ ಆ ಹಳಿಯ ಮೇಲೆ ಚಾರಣ ಹೋಗುತ್ತಿದ್ದರು, ಈಗ ರೈಲ್ವೆಯವರು ಅದನ್ನು ನಿಷೇಧಿಸಿದ್ದಾರೆ. ಹಳಿ ಮೇಲೆ ನಿಂತು ತೆಗೆದ ಫೋಟೋ ಎಷ್ಟೇ ಚೆನ್ನಾಗಿರಲಿ, ಈ ಗುಂಪಿನಲ್ಲಿ ಅದನ್ನು ಯಾರೂ ಮೆಚ್ಚುವುದಿಲ್ಲ, ತೆಗೆದವನನ್ನು ಮತ್ತೆ ಕರೆಯುವುದೂ ಇಲ್ಲ. ಇದು ಅವರ ಕಟ್ಟುಪಾಡು. ನಾನು ಮಗನ ಮುಖ ನೋಡಿದೆ. ಅಪ್ಪ ಹೇಳಿದರೆ ತಿರುಗಿ ಮಾತಾಡುವವನು, ಇಲ್ಲಿ ತಲೆಯಾಡಿಸುತ್ತಾ ಬರೆದುಕೊಳ್ಳುತ್ತಿದ್ದ!

ಮಧ್ಯಾಹ್ನ ಬುತ್ತಿ ಬಿಚ್ಚಿ ಊಟವಾದ ಮೇಲೆ, ಒಳಗೆ ಪರದೆ ಕಟ್ಟಿ ಹಳೆಯ ಫೋಟೋ ತೋರಿಸಿದರು. ಬ್ಯಾಂಕಿನಿಂದ ನಿವೃತ್ತರಾದ ಆ ರಾಯರು ತೆಗೆದವು. ಮೀಟರ್‌ಗೇಜಿನ ಕಾಲದ ಮೈಸೂರು, ಹಾಸನ, ಅರಸೀಕೆರೆ. ನನ್ನ ತವರು ಕೃಷ್ಣರಾಜನಗರದ ಕಡೆ. ಕಿಟಕಿಯಿಂದ ಕತ್ತು ಹೊರಹಾಕಿ, ಕಣ್ಣಿಗೆ ಕಲ್ಲಿದ್ದಲ ಕಿಡಿ ಬಿದ್ದು, ಅಮ್ಮನ ಸೆರಗಿನ ತುದಿಯಿಂದ ತೆಗೆಸಿಕೊಂಡವಳು ನಾನು. ಆ ಕರಿ ಎಂಜಿನ್ನು, ಆ ಸಣ್ಣ ಬೋಗಿಗಳು, ನೀರಿನ ಕಂಬ ಎಲ್ಲ ಪರದೆಯ ಮೇಲೆ ಬಂದಾಗ ಗಂಟಲು ಕಟ್ಟಿತು. ಈಗ ಅದರಲ್ಲಿ ಯಾವುದೂ ಇಲ್ಲ. 1992ರಲ್ಲಿ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೋಜನೆ ಶುರುವಾದ ಮೇಲೆ ನಮ್ಮ ಮೀಟರ್‌ಗೇಜು ಮಾಯವಾಯಿತು.

ಒಂದು ಫೋಟೋದಲ್ಲಿ ಎಂಜಿನ್ನಿನ ಮುಂದೆ, ಬುಟ್ಟಿ ತುಂಬಾ ಸೌತೆಕಾಯಿ ಇಟ್ಟುಕೊಂಡ ಹೆಂಗಸೊಬ್ಬಳು ಕ್ಯಾಮರಾ ಕಡೆ ನೋಡಿ ನಗುತ್ತಿದ್ದಳು. ರಾಯರು ಹೇಳಿದರು: ಇಂಥ ನಂಬರಿನ ವೈ ಪಿ ಎಂಜಿನ್, 1988, ಬೆಳಿಗ್ಗೆ ಎಂಟೂ ಹತ್ತು, ಗಾಡಿ ಹದಿನೈದು ನಿಮಿಷ ತಡ. ಎಲ್ಲವೂ ಅವರ ಪುಸ್ತಕದಲ್ಲಿದೆ. ನಾನು ಕೇಳಿದೆ: "ಆಯಮ್ಮ ಯಾರು?"

ರಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಎಂಜಿನ್ ನಂಬರ್ ಬರ್ಕೊಂಡೆ ತಾಯಿ. ಆಯಮ್ಮನ ಹೆಸರು ಕೇಳಲಿಲ್ಲ. ಎಷ್ಟೋ ಸಲ ಅವಳ ಹತ್ತಿರ ಸೌತೆಕಾಯಿ ತಗೊಂಡು ತಿಂದಿದೀನಿ" ಅಂದರು.

ಆಗ ಅವರೇ ಅಮೆರಿಕದ ಒಬ್ಬ ಫೋಟೋಗ್ರಾಫರ್ ವಿಷಯ ಹೇಳಿದರು. ಓ. ವಿನ್‌ಸ್ಟನ್ ಲಿಂಕ್ ಅಂತ. 1955ರಿಂದ 1960ರವರೆಗೆ, ವರ್ಜೀನಿಯಾ ಕಡೆಯ ಒಂದು ರೈಲುಮಾರ್ಗದಲ್ಲಿ ಉಗಿ ಎಂಜಿನ್ನುಗಳು ಕೊನೆಯಾಗುವ ಹೊತ್ತಿಗೆ, ರಾತ್ರಿಯಲ್ಲಿ ಸಾಲುಸಾಲು ಫ್ಲ್ಯಾಶ್ ಬಲ್ಬು ಹಚ್ಚಿ ಫೋಟೋ ತೆಗೆದರಂತೆ. ಅವರ ಪಟಗಳಲ್ಲಿ ಎಂಜಿನ್ನಿನ ಜೊತೆಗೆ ಜನರೂ ಇರುತ್ತಾರೆ. ಮನೆಯ ಹಜಾರದಲ್ಲಿ ಕೂತವರು, ಕಿಟಕಿಯಾಚೆ ಹೋಗುವ ರೈಲು. ರೈಲು ಯಾರ ಬದುಕಿನ ಪಕ್ಕ ಹಾದು ಹೋಗುತ್ತಿತ್ತು ಅನ್ನುವುದು ಅದರಿಂದಲೇ ತಿಳಿಯುವುದು. ಅವರ ಫೋಟೋಗಳಿಗೆಂದೇ ರೋನೋಕ್ ಎಂಬ ಊರಿನಲ್ಲಿ, ಹಳೆಯ ರೈಲ್ವೆ ಸ್ಟೇಷನ್ ಕಟ್ಟಡದಲ್ಲಿ, ಮ್ಯೂಸಿಯಂ ಇದೆಯಂತೆ.

ಸಂಜೆ ಎಲ್ಲರೂ ಶ್ರೀರಂಗಪಟ್ಟಣಕ್ಕೆ ಹೋದೆವು. ಜೋಡಿ ಹಳಿ ಹಾಕಲು ಅಡ್ಡವಾಗಿತ್ತೆಂದು ಟಿಪ್ಪುವಿನ ಕಾಲದ ಮದ್ದಿನಮನೆಯನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ ಜಾಗ ಅದೇ. ಕಾವೇರಿಯ ದಂಡೆಯಲ್ಲಿ, ಹಳಿಯಿಂದ ಬಹು ದೂರದಲ್ಲಿ, ಸೂರ್ಯನಿಗೆ ಬೆನ್ನು ಕೊಟ್ಟು ಎಲ್ಲರೂ ನಿಂತರು. ನಲವತ್ತು ನಿಮಿಷ ಕಾದದ್ದು, ರೈಲು ಸೇತುವೆ ದಾಟಿದ್ದು ಅರ್ಧ ನಿಮಿಷ. ಹತ್ತು ನಿಮಿಷ ಸುಮ್ಮನೆ ಕೂರದ ನನ್ನ ಮಗ ಅಷ್ಟು ಹೊತ್ತು ಅಲ್ಲಾಡದೆ ನಿಂತದ್ದನ್ನು ನಾನು ಅವತ್ತೇ ಕಂಡದ್ದು.

ಅಲ್ಲೇ ಒಬ್ಬಾಕೆ ಬಟ್ಟೆ ಒಗೆಯುತ್ತಿದ್ದರು. ಇವನು ಹತ್ತಿರ ಹೋಗಿ, "ಅಕ್ಕ, ರೈಲಿನ ಜೊತೆ ನೀವೂ ಫೋಟೋದಲ್ಲಿ ಬರ್ತೀರಿ, ಪರವಾಗಿಲ್ವಾ?" ಅಂತ ಕೇಳಿದ. ಆಕೆ ನಕ್ಕು, "ತಗೊಳಪ್ಪ, ನನ್ನ ಯಾರು ನೋಡ್ತಾರೆ" ಅಂದರು. ಆಮೇಲೆ ಅವನ ಪುಸ್ತಕ ನೋಡಿದೆ. ಎಂಜಿನ್ ನಂಬರಿನ ಕೆಳಗೆ ಆಕೆಯ ಹೆಸರು, ಊರು, ಎರಡನ್ನೂ ಬರೆದಿದ್ದ. ನಾನೇನೂ ಹೇಳಿಕೊಟ್ಟಿರಲಿಲ್ಲ.

ಮನೆಗೆ ಬಂದು ಇವರಿಗೆ ಎಲ್ಲ ವರದಿ ಒಪ್ಪಿಸಿದೆ. ಬೀರುವಿನ ಬೀಗದ ಮಾತು ಅಲ್ಲಿಗೆ ನಿಂತಿತು. ಲೆನ್ಸಿನ ಮಾತನ್ನು ಆ ರಾಯರೇ ಮುಗಿಸಿಕೊಟ್ಟಿದ್ದರು: "ಇರೋ ಲೆನ್ಸಿನಲ್ಲೇ ಎರಡು ವರ್ಷ ತೆಗಿ ಮಗು, ಆಮೇಲೆ ನೋಡೋಣ." ಅಪ್ಪ ಹೇಳಿದ್ದರೆ ರಂಪವಾಗುತ್ತಿದ್ದ ಮಾತು ಅವರ ಬಾಯಲ್ಲಿ ಪ್ರಸಾದವಾಯಿತು.

ನಿಮ್ಮ ಮನೆಯಲ್ಲೂ ಇಂಥ ಹುಚ್ಚಿನ ಮಗನೋ ಮಗಳೋ ಇದ್ದರೆ, ನಮ್ಮ ಮನೆಯಲ್ಲಿ ಈಗ ಹಾಕಿರುವ ನಿಯಮ ಇವು:

1. ಫೋಟೋ ತೆಗೆಯುವುದು ಪ್ಲಾಟ್‌ಫಾರಂ ಹಳದಿ ಗೆರೆಯ ಹಿಂದಿನಿಂದ, ಇಲ್ಲವೇ ರಸ್ತೆ, ಬಯಲು, ಹೊಳೆದಂಡೆಯಿಂದ. ಹಳಿಯ ಮೇಲೆ ಕಾಲಿಟ್ಟರೆ ಅವತ್ತೇ ಕ್ಯಾಮರಾ ಬೀರುವಿಗೆ.

2. ಸ್ಟೇಷನ್ನಿನಲ್ಲಿ ಕ್ಯಾಮರಾ ತೆಗೆಯುವ ಮುಂಚೆ ಸ್ಟೇಷನ್ ಮಾಸ್ಟರನ್ನು ಕೇಳಬೇಕು. ಬೇಡವೆಂದರೆ ನಮಸ್ಕಾರ ಹೇಳಿ ಬರಬೇಕು.

3. ಒಂಟಿಯಾಗಿ ಹೋಗಕೂಡದು. ಒಬ್ಬ ಕ್ಯಾಮರಾದಲ್ಲಿ ಕಣ್ಣಿಟ್ಟರೆ ಇನ್ನೊಬ್ಬ ಹಳಿಯ ಎರಡೂ ಕಡೆ ನೋಡುತ್ತಿರಬೇಕು. ಕಿವಿಗೆ ಹಾಡಿನ ತಂತಿ ಬೇಡವೇ ಬೇಡ.

4. ಫೋಟೋದಲ್ಲಿ ಯಾರಾದರೂ ಇದ್ದರೆ ಒಪ್ಪಿಗೆ ಕೇಳಬೇಕು, ಹೆಸರು ಬರೆದುಕೊಳ್ಳಬೇಕು.

ಈ ನಾಲ್ಕನೆಯದು ನಮಗೂ ಅನ್ವಯಿಸುತ್ತದೆ, ಸೋದರಿಯರೇ. ನಿಮ್ಮ ಟ್ರಂಕಿನಲ್ಲಿರುವ ಹಳೆಯ ಫೋಟೋಗಳನ್ನು ಈ ಹಬ್ಬದ ರಜೆಯಲ್ಲಿ ಹೊರತೆಗೆಯಿರಿ. ಅತ್ತೆಯವರನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಇದು ಯಾರು, ಯಾವ ಊರು, ಯಾರ ಮದುವೆ ಅಂತ ಕೇಳಿ. ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯಿರಿ. ಬಾಲ್‌ಪೆನ್ನು ಒತ್ತಿ ಬರೆದರೆ ಮುಂದುಗಡೆ ಗುರುತು ಬೀಳುತ್ತದೆ. ಫೋನಿನಲ್ಲಿರುವ ಪಟಗಳ ಜೊತೆಗೂ ಹೆಸರು ಬರೆದಿಡುವ ಅಭ್ಯಾಸ ಮಕ್ಕಳಿಗೆ ಮಾಡಿಸಿ. ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕು.

ಬುತ್ತಿಯ ವಿಷಯ ಒಂದು ಮಾತು. ಇಡೀ ದಿನ ಬಿಸಿಲಿನಲ್ಲಿ ಇರುವಾಗ ಮೊಸರನ್ನಕ್ಕೆ ಮೊಸರಿಗಿಂತ ಹಾಲು ಹೆಚ್ಚು ಹಾಕಿ, ಒಂದೇ ಚಮಚ ಮೊಸರು ಬೆರೆಸಿ ಕಟ್ಟಿ. ಮಧ್ಯಾಹ್ನಕ್ಕೆ ಹುಳಿಯಾಗದೆ ಹದವಾಗಿರುತ್ತದೆ. ನಾನು ಅವತ್ತು ಐದು ಜನಕ್ಕಾಗುವಷ್ಟು ಒಯ್ದಿದ್ದೆ, ಡಬ್ಬಿ ಖಾಲಿಯಾಗಿ ಬಂತು. ಮುಂದಿನ ಸಲ ಹತ್ತು ಜನಕ್ಕೆ ತನ್ನಿ ಅಂತ ಹುಡುಗರು ಈಗಲೇ ಹೇಳಿಕಳಿಸಿದ್ದಾರೆ.