ಕಾವೇರಿಯ ನೀರೂ ಮುಂದಿನ ಲೆಕ್ಕವೂ

ಕಾವೇರಿಯ ವಿಷಯವಾಗಿ ನಮ್ಮಲ್ಲಿ ಗದ್ದಲವೇಳುವದು ಮಳೆ ಕೈಕೊಟ್ಟ ವರ್ಷದಲ್ಲಿ ಮಾತ್ರ. ಕನ್ನಂಬಾಡಿಯ ಕಟ್ಟೆ ತುಂಬಿ ಬಾಗಿನವರ್ಪಿಸಿದ್ದಾಯಿತೆಂದರೆ ಆ ವಿಚಾರವನ್ನು ಮುಂದಿನ ಬರಗಾಲದ ವರೆಗೆ ಗಂಟು ಕಟ್ಟಿಡುತ್ತೇವೆ. ಆದರೆ ನದಿಯ ಪಾಲು ನಿರ್ಣಯವಾಗುವದು ಬೀದಿಯಲ್ಲಲ್ಲ. ಇಂಥ ವರ್ಷಕ್ಕೆ ಇಷ್ಟು ಜನ, ಇಷ್ಟು ಬೆಳೆ, ಇಷ್ಟು ನೀರು ಎಂದು ಬರೆದಿಟ್ಟ ಕಾಗದದಲ್ಲಿ. ಆ ಕಾಗದದ ಕಡೆಗೆ ಕನ್ನಡಿಗರ ಲಕ್ಷ್ಯ ಸಾಲದೆಂಬುದೇ ನಮ್ಮ ವ್ಯಸನ.

1924ರಲ್ಲಿ ಮೈಸೂರು ಮದರಾಸು ಸರಕಾರಗಳು ಒಪ್ಪಂದ ಮಾಡಿಕೊಂಡಾಗ ಬೆಂಗಳೂರು ಹೆಸರಘಟ್ಟದ ಕೆರೆಯ ನೀರು ಕುಡಿಯುತ್ತಿದ್ದಿತು. ಆ ಒಪ್ಪಂದವು ಗದ್ದೆಗಳ ಎಕರೆಗಳನ್ನು ಎಣಿಸಿತು. ದೂರದ ಎತ್ತರದ ಪಟ್ಟಣವೊಂದು ಕಾವೇರಿಗೆ ಬಾಯೊಡ್ಡೀತೆಂದು ಎಣಿಸಲಿಲ್ಲ. ಅದರ ಕೆಲವು ಕಲಮುಗಳ ಪುನಃಪರಿಶೀಲನೆಗೆ ಗೊತ್ತಾಗಿದ್ದ ಐವತ್ತು ವರುಷಗಳು 1974ರಲ್ಲಿ ತುಂಬಿದವು. ಕಾವೇರಿಯ ನೀರು ಮೊದಲು ಬೆಂಗಳೂರಿಗೆ ಏರಿ ಬಂದುದೂ ಅದೇ ವರ್ಷ!

ನ್ಯಾಯಮಂಡಳಿಯ 2007ರ ತೀರ್ಪು 740 ಟಿ.ಎಂ.ಸಿ.ಯಲ್ಲಿ ನಮಗೆ 270 ಕೊಟ್ಟಿತು. ಬೆಂಗಳೂರಿನ ಮೂರರಲ್ಲೊಂದು ಭಾಗ ಮಾತ್ರ ಕಾವೇರಿಯ ಕೊಳ್ಳದಲ್ಲಿದೆ, ಅದಕ್ಕೆ ಬೇಕಾದ ನೀರಿನ ಅರ್ಧವು ಭೂಮಿಯೊಳಗಿಂದ ದೊರೆಯುವದು ಎಂಬುದು ಅದರ ತರ್ಕ. ಜನಸಂಖ್ಯೆಯನ್ನು ಎಣಿಸಿದ್ದು 2011ರ ವರೆಗೆ. ತೀರ್ಪಿಗೂ ಎಣಿಕೆಯ ಕೊನೆಗೂ ನಡುವೆ ನಾಲ್ಕೇ ವರುಷ! 2001ರಲ್ಲಿ 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆಯು 2011ರಲ್ಲಿ 96 ಲಕ್ಷವಾಯಿತು. ಆ ಭೂಮಿಯೊಳಗಿನ ನೀರಾದರೂ ಎಂಥದೆಂಬುದನ್ನು 2024ರ ಬೇಸಗೆಯಲ್ಲಿ ಬತ್ತಿದ ಕೊಳವೆಬಾವಿಗಳೇ ಹೇಳಿದವು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬೆಂಗಳೂರಿಗೆಂದಿತ್ತ 4.75 ಸೇರಿದಂತೆ ನಮ್ಮ ಪಾಲನ್ನು 284.75ಕ್ಕೆ ಏರಿಸಿ, ಈ ಏರ್ಪಾಡಿಗೆ ಹದಿನೈದು ವರುಷಗಳ ಅವಧಿಯನ್ನಿತ್ತಿತು. ಅಂದರೆ 2033.

ಆಗ ನಮ್ಮ ಕೈಯಲ್ಲಿ ಯಾವ ಲೆಕ್ಕವಿರುವದು? ತಲೆಯೊಂದಕ್ಕೆ 135 ಲೀಟರಿನಂತೆ ಜನಸಂಖ್ಯೆಯನ್ನು ಗುಣಿಸಿದರೆ ಮುಂದಿನ ಬೇಡಿಕೆ ಬಂತೆಂದು ತಿಳಿಯುವವರುಂಟು. ಇದು ನಮ್ಮ ಮಾಸ್ತರರು ಐದನೆಯ ಇಯತ್ತೆಯ ಹುಡುಗನಿಗೆ ಹಾಕುವ ಗುಣಾಕಾರ. ನಿಜವಾದ ತೊಡಕು ಬೇರೆಡೆಗಿದೆ. ಐದನೆಯ ಹಂತವು 2024ರಲ್ಲಿ ಪ್ರಾರಂಭವಾದ ಮೇಲೆ ಬೆಂಗಳೂರಿಗೆ ಎತ್ತಬಹುದಾದ ನೀರು ದಿನಕ್ಕೆ 222 ಕೋಟಿ ಲೀಟರಿಗೂ ಮಿಕ್ಕಿದ್ದು. ವರ್ಷಕ್ಕೆ ಸುಮಾರು 29 ಟಿ.ಎಂ.ಸಿ. ಮನೆಬಳಕೆಯ ನೀರಿನಲ್ಲಿ ಶೇಕಡ 20 ಮಾತ್ರ ಖರ್ಚು, ಉಳಿದುದು ನದಿಗೆ ಮರಳುವದೆಂದು ನ್ಯಾಯಮಂಡಳಿಯು ಹಿಡಿದಿದೆ. ಎಲ್ಲಿಗೆ ಮರಳುವದು? ಒಂದು ಪಾಲು ವೃಷಭಾವತಿಯಿಂದ ಅರ್ಕಾವತಿಗೆ ಇಳಿದು ಕಾವೇರಿಯನ್ನು ಸೇರುವದು. ಅದು ಯಾವ ಬಣ್ಣದಿಂದ ಸೇರುವದೆಂಬುದನ್ನು ಇಲ್ಲಿ ಬರೆಯದಿರುವದೇ ಲೇಸು. ಬೆಳ್ಳಂದೂರಿನ ಕಡೆಗೆ ಹರಿದುದು ದಕ್ಷಿಣ ಪಿನಾಕಿನಿಯ ಪಾಲು. 2018ರಿಂದ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೂ ಹೋಗುತ್ತಿದೆ. ಕೋಲಾರಕ್ಕೆ ಅದು ಬೇಡವೆಂದು ನಾವು ಹೇಳುವದಿಲ್ಲ. ಆದರೆ ಹೀಗೆ ಕೊಳ್ಳ ದಾಟಿದ ನೀರು ಕಾವೇರಿಗೆ ಮರಳಿದ್ದೋ, ಖರ್ಚಾದದ್ದೋ? ನಾವಾಗಿಯೇ ಉತ್ತರವನ್ನು ಬರೆದಿಡದಿದ್ದರೆ ಎದುರು ಪಕ್ಷದ ವಕೀಲರು ಬರೆದುಕೊಡುವರು.

ಅಂಕೆಗಳನ್ನು ಉಬ್ಬಿಸಿ ಗೆಲ್ಲುವೆವೆಂಬ ಭ್ರಮೆಯೂ ಬೇಡ. ತಂಜಾವೂರಿನ ರೈತನೂ ಲೆಕ್ಕ ಬಲ್ಲವನು. ಹುಸಿ ಅಂಕೆಯು ಮೊದಲನೆಯ ಪಾಟೀಸವಾಲಿಗೇ ಒಡೆದುಹೋಗುವದು.

ಸರಕಾರವು 2033ರ ಅಂದಾಜುಪಟ್ಟಿಯನ್ನು ಈಗಲೇ ಕನ್ನಡದಲ್ಲಿ ಅಚ್ಚು ಹಾಕಿಸಿ ತಾಲೂಕು ತಾಲೂಕಿನ ವಾಚನಾಲಯಗಳಿಗೆ ಕಳುಹಿಸಬೇಕೆಂದು ನಾವು ಕೇಳುತ್ತೇವೆ. ಮಂಡ್ಯದ ರೈತನು ತನ್ನ ನಾಲೆಯ ನೀರಿನಲ್ಲಿ ಪಟ್ಟಣಕ್ಕೆ ಎಷ್ಟು ಹೋಗಲಿದೆಯೆಂಬುದನ್ನು ತೀರ್ಪಿನ ಮರುದಿನ ಪತ್ರಿಕೆಯಲ್ಲಿ ಓದಿ ತಿಳಿಯುವಂತಾಗಬಾರದು.