ಕೆಂಗುರಿ ಉಳಿಯಬೇಕಾದರೆ ಟಗರು ಉಳಿಯಬೇಕು

ಕರ್ನಾಟಕದಲ್ಲಿ ಕುರಿಗಳ ಸಂಖ್ಯೆ ಹೆಚ್ಚುತ್ತಿದೆ. 2012ರ ಜಾನುವಾರು ಗಣತಿಯಲ್ಲಿ ಸುಮಾರು 96 ಲಕ್ಷ ಇದ್ದದ್ದು 2019ರ ಹೊತ್ತಿಗೆ 1.11 ಕೋಟಿಗೆ ಏರಿತು. ತೆಲಂಗಾಣ, ಆಂಧ್ರಪ್ರದೇಶ ಬಿಟ್ಟರೆ ದೇಶದಲ್ಲಿ ನಮ್ಮದೇ ಮೂರನೇ ಸ್ಥಾನ. ಹೀಗಿರುವಾಗ ಕುರಿಯ ಬಗ್ಗೆ ಆತಂಕ ಯಾಕೆ ಎಂದು ಯಾರಾದರೂ ಕೇಳಬಹುದು. ಆತಂಕ ಇರುವುದು ತಲೆಗಳ ಲೆಕ್ಕದಲ್ಲಲ್ಲ, ತಳಿಯ ಲೆಕ್ಕದಲ್ಲಿ. ಹಿಂಡು ಬೆಳೆಯುತ್ತಿರುವಾಗಲೇ ಅದರೊಳಗಿನ ತಳಿ ಕರಗಿಹೋಗಬಹುದು. ರಾಯಚೂರು, ಕೊಪ್ಪಳ ಸೀಮೆಯ ಕೆಂಗುರಿಗೆ ಇಂದು ಎದುರಾಗಿರುವ ಅಪಾಯ ಇದು.

ಕೆಂಗುರಿಯ ಸೀಮೆ ದೊಡ್ಡದಲ್ಲ. ಲಿಂಗಸುಗೂರು, ಸಿಂಧನೂರು, ಗಂಗಾವತಿ ಮತ್ತು ಆಸುಪಾಸಿನ ಊರುಗಳು, ಅಷ್ಟೆ. ಒಣ ತೆಂಗಿನಕಾಯಿಯ ಬಣ್ಣದ ಮೈ, ಟಗರಿಗೆ ಕೊಂಬು, ಹೆಣ್ಣಿಗೆ ಬೋಳು ತಲೆ, ಕಲ್ಲುಗುಡ್ಡ ಹತ್ತಿ ಇಳಿದು ಮೇಯುವ ಗಟ್ಟಿ ಕಾಲು. ಇದನ್ನು ಸಾಕುವುದು ಮಾಂಸಕ್ಕಾಗಿ. ಕಂಬಳಿಗೆ ಬೇಕಾದ ಕರಿ ಉಣ್ಣೆ ಕೊಡುವುದು ದಖನಿ ಮತ್ತು ಬಳ್ಳಾರಿ ತಳಿ. ಹಾಸನ, ಮಂಡ್ಯದ ಬಂಡೂರು ಸೇರಿಸಿದರೆ ಕರ್ನಾಟಕದ ಹೆಸರಾಂತ ಕುರಿ ತಳಿಗಳ ಪಟ್ಟಿ ಹೆಚ್ಚುಕಡಿಮೆ ಮುಗಿಯಿತು. ಒಂದೊಂದೂ ಅದರದರ ನೆಲ, ಮಳೆ, ಮೇವು, ರೋಗಗಳ ನಡುವೆ ನೂರಾರು ತಲೆಮಾರು ಬದುಕಿ ಬಂದದ್ದು. ಈ ಭಾಗದ ಬೂದಿದಿಬ್ಬಗಳ ಕಾಲದ ನೆಲೆಗಳಲ್ಲಿ, ಅಂದರೆ ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಪದರಗಳಲ್ಲಿ, ದನದ ಎಲುಬುಗಳ ಜೊತೆ ಕುರಿ ಮೇಕೆಗಳ ಎಲುಬೂ ಸಿಕ್ಕಿವೆ. ಅಷ್ಟು ಹಳೆಯ ಒಡನಾಟ ನಮ್ಮದು.

ಆದರೂ ಗಂಗಾವತಿ ತಾಲ್ಲೂಕಿನ ಮರಳಿಯಲ್ಲಿ ನಿಂತು ನೋಡುವ ಹೊಸಬರು ಇದು ಕುರಿಯ ಸೀಮೆ ಎಂದರೆ ನಂಬಲಾರರು. ಕಣ್ಣು ಹಾಯುವಷ್ಟು ದೂರವೂ ಭತ್ತ. 1953ರಲ್ಲಿ ತುಂಗಭದ್ರಾ ಜಲಾಶಯ ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಇಲ್ಲಿನ ಬದುಕೇ ಬದಲಾಯಿತು. ನೀರು ಬಂದದ್ದಕ್ಕೆ ಯಾರೂ ವ್ಯಥೆ ಪಡಬೇಕಿಲ್ಲ. ಆದರೆ ಮೇವಿನ ನೆಲ ಎಷ್ಟು ಹೋಯಿತು, ಅದನ್ನು ನಂಬಿದ್ದ ಹಿಂಡು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಅಂದಿನಿಂದ ಇಂದಿನವರೆಗೆ ಯಾವ ಯೋಜನೆಯೂ ಕೇಳಿಕೊಳ್ಳಲಿಲ್ಲ. ಭತ್ತದ ಕೊಯ್ಲಾದ ಮೇಲೆ ಒಣ ತಾಲ್ಲೂಕುಗಳ ಕುರಿಗಾಹಿಗಳು ಕೂಳೆ ಮೇಯಿಸಲು ಕಾಲುವೆ ಬಯಲಿಗೆ ಇಳಿಯುತ್ತಾರೆ. ರೈತ ರಾತ್ರಿ ಗದ್ದೆಯಲ್ಲಿ ಹಿಂಡು ನಿಲ್ಲಿಸಿಕೊಳ್ಳುತ್ತಾನೆ, ಗೊಬ್ಬರಕ್ಕೆ ಪ್ರತಿಯಾಗಿ ಕಾಳೋ ಕಾಸೋ ಕೊಡುತ್ತಾನೆ. ಈ ಕೊಡುಕೊಳೆ ಈಗ ಸಣ್ಣದಾಗುತ್ತಿದೆ. ಒಂದು ಬೆಳೆಯ ಬೆನ್ನಿಗೇ ಇನ್ನೊಂದು ನಾಟಿ, ಬದುವಿನ ಹುಲ್ಲಿಗೂ ಕಳೆನಾಶಕ. ಮೇಲೆ ಯಲಬುರ್ಗಾ, ಕುಷ್ಟಗಿಯ ಮಸಾರಿ ನೆಲದಲ್ಲಿ ಗಾಳಿಯಂತ್ರಗಳೂ ಗ್ರಾನೈಟ್ ಕ್ವಾರಿಗಳೂ ಬಂದಿವೆ. ಊರಿನ ದನಕುರಿ ಮೇಯಲು ಬಿಟ್ಟ ಗಾಯರಾಣವಂತೂ ಎಷ್ಟೋ ಊರುಗಳಲ್ಲಿ ಕಾಗದದ ಮೇಲಷ್ಟೇ ಉಳಿದಿದೆ.

ಮೇವಿನ ಕಷ್ಟ ಕಣ್ಣಿಗೆ ಕಾಣುತ್ತದೆ. ಕಾಣದ ಕಷ್ಟ ಟಗರಿನದು.

2022ರಲ್ಲಿ ರಾಜ್ಯ ಸರ್ಕಾರ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆ ಘೋಷಿಸಿತು. ಒಂದು ಘಟಕ ಎಂದರೆ 20 ಕುರಿ, 1 ಟಗರು. ಬಡ ಕುಟುಂಬಕ್ಕೆ ಬದುಕು ಕಟ್ಟಿಕೊಡುವ ಉದ್ದೇಶ ಒಳ್ಳೆಯದೇ. ಆದರೆ ಈ ಲೆಕ್ಕವನ್ನು ತಳಿಶಾಸ್ತ್ರದ ಕಣ್ಣಿನಿಂದ ನೋಡಬೇಕು. ಹಿಂಡಿನಲ್ಲಿ 21 ಪ್ರಾಣಿಗಳಿದ್ದರೂ ಹುಟ್ಟುವ ಪ್ರತಿ ಮರಿಯ ಅರ್ಧ ರಕ್ತ ಅದೊಂದೇ ಟಗರಿನದು. ಗಂಡು ಹೆಣ್ಣು ಸಮ ಸಂಖ್ಯೆಯಲ್ಲಿರುವ ಹಿಂಡಿಗೆ ಹೋಲಿಸಿದರೆ ಇದರ ವೈವಿಧ್ಯ ನಾಲ್ಕು ಪ್ರಾಣಿಗಳ ಹಿಂಡಿನಷ್ಟು ಮಾತ್ರ. ಹೊರಗಿನ ಟಗರು ಬರದಿದ್ದರೆ ಒಂದೇ ತಲೆಮಾರಿನಲ್ಲಿ ಒಳಸಂಬಂಧ ಶೇ 13ರಷ್ಟು ಏರುತ್ತದೆ. ಮೊದಲ ಸಲ ಹುಟ್ಟಿದ ಹೆಣ್ಣುಮರಿಗಳು ಒಂದೂವರೆ ವರ್ಷದ ಹೊತ್ತಿಗೆ ಬೆದೆಗೆ ಬಂದಾಗ ಅದೇ ಟಗರು ಅಲ್ಲೇ ಇದ್ದರೆ, ಅದು ತಂದೆ ಮಗಳ ಕೂಡಿಕೆ. ಆಗ ಹುಟ್ಟುವ ಮರಿಯಲ್ಲಿ ಒಳಸಂಬಂಧದ ಪ್ರಮಾಣ ಶೇ 25. ಮರಿ ಸಣಕಲಾಗುತ್ತದೆ, ಹುಟ್ಟಿದ್ದು ಉಳಿಯುವುದಿಲ್ಲ, ಉಳಿದದ್ದು ಗಬ್ಬ ಕಟ್ಟುವುದಿಲ್ಲ. ನೆಲ ಕೆಟ್ಟಿತು, ಔಷಧಿ ಹತ್ತಲಿಲ್ಲ ಎಂದು ಕುಟುಂಬ ಕೈಚೆಲ್ಲುತ್ತದೆ. ಸಾಲದ ಕಂತು ಮಾತ್ರ ಉಳಿಯುತ್ತದೆ. ಘಟಕ ಕೊಟ್ಟವರು ಎರಡನೇ ವರ್ಷ ಟಗರು ಬದಲಿಸಿಕೊಡುವ ಏರ್ಪಾಡು ಮಾಡದಿದ್ದರೆ ಆ ಘಟಕವನ್ನು ಸೋಲಿಗೆ ಬರೆದುಕೊಟ್ಟಂತೆ.

ಹಳೆಯ ಹಟ್ಟಿಗಳಲ್ಲಿ ಈ ಪಾಠವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಬೀಜಕ್ಕೆ ಬಿಡುವ ಟಗರುಮರಿಯನ್ನು ಆರಿಸುವಾಗ ಹಿರಿಯ ಕುರಿಗಾಹಿ ಮೊದಲು ನೋಡುವುದು ಮರಿಯನ್ನಲ್ಲ, ತಾಯಿಯನ್ನು. ಬರಗಾಲದಲ್ಲೂ ಅದರ ಕೆಚ್ಚಲು ಬತ್ತಿತ್ತೇ ಇಲ್ಲವೇ, ಹೋದ ಸಲದ ಮರಿ ಉಳಿಯಿತೇ, ದಾರಿ ನಡೆಯುವಾಗ ಹಿಂದೆ ಬೀಳುತ್ತದೆಯೇ. ಆಮೇಲೆ ಮರಿಯ ಗೊರಸು, ಹಲ್ಲು, ಬೀಜ ಎರಡೂ ಸಮವಾಗಿ ಇಳಿದಿವೆಯೇ ಎಂದು ಕೈಯಿಂದ ಮುಟ್ಟಿ ನೋಡುವುದು. ಉಳಿದ ಗಂಡುಮರಿಗಳು ಮಾರಾಟಕ್ಕೆ. ಎರಡು ಮೂರು ವರ್ಷಕ್ಕೊಮ್ಮೆ ಬೀಗರ ಹಟ್ಟಿಯಿಂದಲೋ ಜಾತ್ರೆಯಲ್ಲಿ ಸಿಕ್ಕವರಿಂದಲೋ ಟಗರು ಅದಲುಬದಲು. ಇದು ತಳಿ ಸುಧಾರಣೆಯೇ, ದಾಖಲೆ ಪುಸ್ತಕ ಇಲ್ಲದ ತಳಿ ಸುಧಾರಣೆ.

ಈಗ ಆ ಆಯ್ಕೆಯನ್ನು ಸಂತೆ ಮಾಡುತ್ತಿದೆ. ಬಕ್ರೀದ್ ಹತ್ತಿರ ಬಂದಂತೆ ಅಮೀನಗಡದಂಥ ಸಂತೆಗಳಲ್ಲಿ ಬೇಡಿಕೆ ಏರುತ್ತದೆ. ಬೇಗ ಬೆಳೆದ, ಮೈದುಂಬಿದ, ಕೊಂಬು ಚೆಂದ ಇರುವ ಗಂಡುಮರಿಗೇ ಎಲ್ಲಕ್ಕಿಂತ ಹೆಚ್ಚು ಬೆಲೆ. ಅದು ಮೊದಲು ಲಾರಿ ಹತ್ತುತ್ತದೆ. ಸಾಲ ಇರುವವನು ಅದನ್ನು ಹಿಡಿದಿಟ್ಟುಕೊಳ್ಳಲು ಹೇಗೆ ಸಾಧ್ಯ? ಮಾರಾಟವಾಗದೆ ಉಳಿದ ಕೃಶ ಮರಿ ಮುಂದಿನ ತಲೆಮಾರಿನ ತಂದೆಯಾಗುತ್ತದೆ. ವರ್ಷವರ್ಷವೂ ಒಳ್ಳೆಯದನ್ನು ಕಳೆದು ಕೆಟ್ಟದ್ದನ್ನು ಬೀಜಕ್ಕೆ ಬಿಡುವ ಈ ತಿರುವುಮುರುವು ಆಯ್ಕೆಗೆ ಕುರಿಗಾಹಿಯನ್ನು ದೂರುವುದು ಅನ್ಯಾಯ.

ಇದಕ್ಕೆ ಹೊರಗಿನ ಒತ್ತಡವೂ ಸೇರಿದೆ. 2017ರಲ್ಲಿ ತೆಲಂಗಾಣ ಶೇ 75ರ ಸಬ್ಸಿಡಿಯಲ್ಲಿ ಕುರಿ ಹಂಚಲು ಹೊರಟಾಗ ಕುರಿ ಖರೀದಿಯಾದದ್ದು ಆಂಧ್ರ, ಕರ್ನಾಟಕ, ಮಹಾರಾಷ್ಟ್ರದಂಥ ನೆರೆ ರಾಜ್ಯಗಳಲ್ಲಿ. ತೆಲಂಗಾಣದಲ್ಲಿಯೂ 20ಕ್ಕೆ 1 ಎಂಬ ಲೆಕ್ಕವೇ. 2012ರಲ್ಲಿ 1.28 ಕೋಟಿ ಇದ್ದ ಅಲ್ಲಿನ ಕುರಿ ಸಂಖ್ಯೆ 2019ಕ್ಕೆ 1.91 ಕೋಟಿ ಆಯಿತು. ಆದರೆ ಯಾವ ಸೀಮೆಯ ರಕ್ತ ಯಾವ ಸೀಮೆಗೆ ಹೋಯಿತು ಎಂಬುದು ತಲೆ ಎಣಿಕೆಯಿಂದ ತಿಳಿಯುವ ಸಂಗತಿಯಲ್ಲ. ನಮ್ಮ ಹಿಂಡುಗಳಿಗೂ ನೆಲ್ಲೂರು ಟಗರು ಬರುತ್ತಿದೆ. ಮೊಬೈಲಿನಲ್ಲಿ ಡಾರ್ಪರ್ ಕುರಿಯ ವಿಡಿಯೊ ನೋಡಿದ ಯುವಕರು ಅದನ್ನೂ ಕೇಳುತ್ತಿದ್ದಾರೆ.

ಅವರಿಗೆ ಕೀನ್ಯಾದ ಕತೆ ಗೊತ್ತಾಗಬೇಕು. ಅಲ್ಲಿನ ಕೆಂಪು ಮಸಾಯಿ ಕುರಿ ಹೊಟ್ಟೆಹುಳುವಿನ ಬಾಧೆಯನ್ನು ತಡೆದುಕೊಳ್ಳುವುದಕ್ಕೆ ಹೆಸರಾದ ತಳಿ. 1970ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಡಾರ್ಪರ್ ಟಗರುಗಳನ್ನು ಸರ್ಕಾರದ ನೆರವಿನಲ್ಲಿ ಹಂಚಿದರು. ಮೊದಲ ಸಂಕರದ ಮರಿಗಳು ದಷ್ಟಪುಷ್ಟವಾಗಿ ಬೆಳೆದದ್ದನ್ನು ಕಂಡು ಎಲ್ಲರೂ ಸಂಕರದ ಮೇಲೆ ಸಂಕರ ಮಾಡುತ್ತಾ ಹೋದರು. ಮಳೆ ಹೆಚ್ಚು ಬೀಳುವ ಕಡೆ ಡಾರ್ಪರ್ ಹುಳುವಿಗೆ ಸೋತಿತು. ಮತ್ತೆ ಮೂಲ ತಳಿಗೆ ಹೋಗೋಣ ಎಂದರೆ ಅಪ್ಪಟ ಕೆಂಪು ಮಸಾಯಿ ಹುಡುಕುವುದೇ ಸಂಶೋಧಕರಿಗೆ ಕಷ್ಟವಾಯಿತು. ಇದಕ್ಕೆ ಹಿಡಿದದ್ದು ಮೂರು ದಶಕವಷ್ಟೆ.

ಸೀಮೆ ಚಿಕ್ಕದಿದ್ದರೆ ಇನ್ನೊಂದು ಅಪಾಯ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹಬ್ಬಿದಾಗ ಕಂಬ್ರಿಯಾದ ಹೆರ್ಡ್‌ವಿಕ್ ಕುರಿಗಳ ದೊಡ್ಡ ಪಾಲನ್ನು ಕೊಲ್ಲಬೇಕಾಯಿತು. ಆ ತಳಿ ಒಂದೇ ಜಿಲ್ಲೆಯಲ್ಲಿ ಒತ್ತಾಗಿ ನೆಲೆಸಿದ್ದರಿಂದ ತಳಿಗೇ ಕುತ್ತು ಬಂತು. ತರಾತುರಿಯಲ್ಲಿ ವೀರ್ಯ, ಭ್ರೂಣ ಶೈತ್ಯದಲ್ಲಿಡುವ ವ್ಯವಸ್ಥೆ ಮಾಡಿದರು. ನಮ್ಮ ಕಡೆ ಹಿರೇಬೇನೆ, ನೀಲಿ ನಾಲಿಗೆ, ಕುರಿ ಸಿಡುಬು ಮತ್ತೆ ಮತ್ತೆ ಕಾಡುವ ರೋಗಗಳು. ಕೆಂಗುರಿ ಇರುವುದು ಕೆಲವೇ ತಾಲ್ಲೂಕುಗಳಲ್ಲಿ.

ಕಳೆದುಕೊಂಡ ಗುಣವನ್ನು ಕಾಡಿನಲ್ಲಿರುವ ಬಂಧುಗಳಿಂದ ಮರಳಿ ತರಬಹುದಲ್ಲ ಎನ್ನುವವರೂ ಇದ್ದಾರೆ. ಭತ್ತದಲ್ಲಿ ಅದು ಆಗಿದೆ, ಕುರಿಯಲ್ಲಿ ಅಷ್ಟು ಸುಲಭವಲ್ಲ. ಸುಮಾರು 10,500 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಮನುಷ್ಯ ಪಳಗಿಸಿದ್ದು ಅಲ್ಲಿನ ಕಾಡು ಮೌಫ್ಲನ್ ಕುರಿಯನ್ನು. ಭಾರತದಲ್ಲಿ ಕುರಿಯ ಹತ್ತಿರದ ಕಾಡುಬಂಧುಗಳೆಂದರೆ ಹಿಮಾಲಯದ ಆಚೆಯ ಯೂರಿಯಲ್ ಮತ್ತು ಅರ್ಗಲಿ. ಲಡಾಖ್‌ನಲ್ಲಿ ಅವೂ ಜಾನುವಾರುಗಳ ಜೊತೆ ಮೇವಿಗೆ ಪೈಪೋಟಿ ನಡೆಸಿ ಸೊರಗಿವೆ. ಸಾಕು ಕುರಿಗೆ 54 ವರ್ಣತಂತುಗಳಾದರೆ ಅರ್ಗಲಿಗೆ 56, ಯೂರಿಯಲ್‌ಗೆ 58. ದಕ್ಷಿಣದಲ್ಲಿ ಉಳಿದಿರುವ ನೀಲಗಿರಿ ತಾರ್ ಕುರಿಯ ಕುಲಕ್ಕೆ ಹತ್ತಿರ ಎಂದು 2005ರ ಡಿಎನ್‌ಎ ಅಧ್ಯಯನ ತೋರಿಸಿತಾದರೂ ಅದು ಬೇರೆಯದೇ ಜಾತಿ. ದಖನ್ನಿನ ಬಿಸಿಲಿಗೆ, ಇಲ್ಲಿನ ಮುಳ್ಳುಕಂಟಿಗೆ, ಇಲ್ಲಿನ ರೋಗಕ್ಕೆ ಒಗ್ಗಿದ ಗುಣಗಳು ಇರುವುದು ನಮ್ಮ ಹಟ್ಟಿಯ ಕುರಿಗಳಲ್ಲೇ. ಇವು ಹೋದರೆ ಹಿಂದೆ ಬೇರೆ ಕಣಜ ಇಲ್ಲ.

ಸಣ್ಣ ತಳಿಯೊಂದು ಎಂಥ ಬೆಲೆಯದ್ದನ್ನು ಬಚ್ಚಿಟ್ಟುಕೊಂಡಿರುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿ ಇದೆ. ಸುಂದರಬನದ ಜೌಗು ನೆಲದ ಪುಟ್ಟ ಗರೋಲ್ ಕುರಿಯನ್ನು ಮಾಂಸದ ತೂಕ ನೋಡಿ ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಅವಳಿ ಮರಿ ಕೊಡುವ ಒಂದೇ ಒಂದು ಜೀನ್ ಅದರಲ್ಲಿತ್ತು. ಮಹಾರಾಷ್ಟ್ರದ ಫಲಟಣದಲ್ಲಿ ಬಿ.ವಿ. ನಿಂಬಕರ್ ಅವರ ಸಂಸ್ಥೆ ಆ ಜೀನನ್ನು ದಖನಿಗೆ ಸೇರಿಸಿ ‘ನಾರಿ ಸುವರ್ಣ’ ರೂಪಿಸಿತು. ಕರ್ನಾಟಕದಲ್ಲೂ ಅದಕ್ಕೆ ಬೇಡಿಕೆ ಬಂತು. ಒಳ್ಳೆಯ ಕೆಲಸವೇ. ಆದರೆ ದಿನವೂ ಮೈಲುಗಟ್ಟಲೆ ನಡೆಯುವ ಹಿಂಡಿನ ತಾಯಿಗೆ ಎರಡು ಮರಿಗೆ ಸಾಲುವಷ್ಟು ಹಾಲು ಎಲ್ಲಿಂದ ಬರಬೇಕು? ಕೊಟ್ಟಿಗೆಯಲ್ಲಿ ಮೇವು ಹಾಕಿ ಸಾಕುವವರಿಗೆ ಅದು ಸರಿ. ಅಲೆಯುವವರಿಗೆ ಅವರ ಜವಾರಿ ಕುರಿಯೇ ಸರಿ. ಅದೂ ಅಲ್ಲದೆ ಗರೋಲ್ ಮತ್ತು ದಖನಿ ಎರಡೂ ಅಪ್ಪಟವಾಗಿ ಉಳಿದಿದ್ದರಿಂದಲೇ ಈ ಪ್ರಯೋಗ ಸಾಧ್ಯವಾಯಿತು.

ದಖನಿಗಾದರೂ ಅಪಾಯ ತಪ್ಪಿಲ್ಲ. ಕಂಬಳಿ ಕೊಳ್ಳುವವರು ಕಡಿಮೆಯಾದ ಮೇಲೆ ಉಣ್ಣೆಯ ಬೆಲೆಗಿಂತ ಕತ್ತರಿಸುವ ಕೂಲಿಯೇ ಹೆಚ್ಚು. ಉಣ್ಣೆ ಬೇಡವೆಂದಾದರೆ ಉಣ್ಣೆಯ ಕುರಿಯೂ ಬೇಡ ಎಂಬ ತೀರ್ಮಾನಕ್ಕೆ ಕುರಿಗಾಹಿ ಬಂದರೆ ಅಚ್ಚರಿಯಿಲ್ಲ. ಉಣ್ಣೆ ಖರೀದಿ ಮಾಡಬೇಕಾದ ಹೊಣೆ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಹೆಸರಿನಲ್ಲೇ ಇದೆ.

2024ರ ಅಕ್ಟೋಬರ್‌ನಲ್ಲಿ ಆರಂಭವಾದ 21ನೇ ಜಾನುವಾರು ಗಣತಿಯಲ್ಲಿ ಅಲೆಮಾರಿ ಕುರಿಗಾಹಿಗಳ ವಿವರವನ್ನೂ ಮೊದಲ ಬಾರಿಗೆ ಕೇಳಲಾಗಿದೆ. ಇದು ಸ್ವಾಗತಾರ್ಹ. ಗಣತಿದಾರ ಬಣ್ಣ ನೋಡಿ ಕೆಂಗುರಿ ಎಂದು ಬರೆದುಕೊಂಡರೆ ಮಾತ್ರ ಸಾಲದು. ಎಷ್ಟು ಹಿಂಡುಗಳಲ್ಲಿ ಅಪ್ಪಟ ಕೆಂಗುರಿ ಟಗರು ಬೀಜಕ್ಕಿದೆ, ಅವುಗಳಲ್ಲಿ ಎಷ್ಟು ಒಂದಕ್ಕೊಂದು ಸಂಬಂಧವಿಲ್ಲದವು ಎಂಬ ಪಟ್ಟಿ ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಪಶುಪಾಲನಾ ಇಲಾಖೆಯ ಮೇಜಿನ ಮೇಲೆ ಇರಬೇಕು. ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಅದರಂತೆ ಪ್ರತಿ ಪಂಚಾಯಿತಿಯೂ ಸಿದ್ಧಪಡಿಸಬೇಕಾದ ಜನತಾ ದಾಖಲೆಯಲ್ಲಿ ಗಿಡಮೂಲಿಕೆಗಳ ಜೊತೆ ಊರಿನ ಟಗರುಗಳ ವಂಶವೂ ಬರೆಯಲ್ಪಡಬೇಕು, ಅದನ್ನು ಹೇಳುವವರು ಕುರಿಗಾಹಿಗಳೇ ಆಗಬೇಕು.

ಅದಕ್ಕೂ ಮೊದಲು ಮಾಡಬಹುದಾದ ಕೆಲಸ ಒಂದಿದೆ. ಬಕ್ರೀದ್‌ಗೆ ಎರಡು ತಿಂಗಳು ಮುಂಚೆ ಇಲಾಖೆಯವರು ಹಟ್ಟಿಗಳಿಗೆ ಹೋಗಿ, ಹಿರಿಯ ಕುರಿಗಾಹಿಗಳು ಬೀಜಕ್ಕೆ ಯೋಗ್ಯ ಎಂದು ಆರಿಸಿದ ಗಂಡುಮರಿಗೆ ಸಂತೆಯ ಪೂರ್ತಿ ಬೆಲೆ ಕೊಟ್ಟು, ಮರಿಯನ್ನು ಅದೇ ಹಿಂಡಿನಲ್ಲಿ ಬಿಡಬೇಕು. ಎರಡು ವರ್ಷದ ನಂತರ ಅದನ್ನು ಇನ್ನೊಂದು ಹೋಬಳಿಯ ಹಿಂಡಿಗೆ ದಾಟಿಸಬೇಕು. ಮುಂದಿನ ಬಜೆಟ್‌ನಲ್ಲಿ 20 ಕುರಿ, 1 ಟಗರಿನ ಘಟಕಗಳಿಗೆ ಹಣ ಇಡುವವರು ಈ ಟಗರುಗಳಿಗೂ ಹಣ ಇಡಲಿ.