ಕೆಲಸದ ಜಾಗದ ಅಪಘಾತ ಮುಚ್ಚಿಡುವ, ವರದಿ ತಡಮಾಡುವ ಮಾಲೀಕರ ಮೇಲೆ ದಂಡ ಜಾರಿ ಕೋರಿ ಮನವಿ ಪತ್ರ

ಬೆಂಗಳೂರು
ದಿನಾಂಕ: 6 ಆಗಸ್ಟ್ 2018

ಇವರಿಗೆ,
ಸರ್ಕಾರದ ಕಾರ್ಯದರ್ಶಿಗಳು,
ಕಾರ್ಮಿಕ ಇಲಾಖೆ, ಕರ್ನಾಟಕ ಸರ್ಕಾರ,
ವಿಕಾಸ ಸೌಧ, ಬೆಂಗಳೂರು

ಇವರಿಂದ,
ಪೀಣ್ಯ ಹಾಗೂ ಸುತ್ತಲಿನ ಸಣ್ಣ ಕಾರ್ಖಾನೆಗಳ ಕಾರ್ಮಿಕರು, ಕಟ್ಟಡ ಕಾರ್ಮಿಕರು ಮತ್ತು ಅಪಘಾತಕ್ಕೀಡಾದವರ ಕುಟುಂಬದವರು

ವಿಷಯ: ನೌಕರರ ನಷ್ಟಪರಿಹಾರ ಕಾಯ್ದೆ, 1923ರ ಕಲಂ 10-ಬಿ ಪ್ರಕಾರ ಏಳು ದಿನದೊಳಗೆ ಅಪಘಾತ ವರದಿ ಸಲ್ಲಿಸದವರ ವಿರುದ್ಧ ಕಲಂ 18-ಎ ಅಡಿ ಕ್ರಮ ಜರುಗಿಸುವ ಬಗ್ಗೆ.

ಮಾನ್ಯರೇ,

ಅಪಘಾತದಲ್ಲಿ ಕಾರ್ಮಿಕ ಸತ್ತರೆ ಅಥವಾ ತೀವ್ರವಾಗಿ ಗಾಯಗೊಂಡರೆ ಏಳು ದಿನದೊಳಗೆ ನಷ್ಟಪರಿಹಾರ ಆಯುಕ್ತರಿಗೆ ವರದಿ ಹೋಗಬೇಕೆಂದು ಕಲಂ 10-ಬಿ ವಿಧಿಸುತ್ತದೆ. ಕೈಕಾಲು, ಕಣ್ಣು, ಕಿವಿಗೆ ಶಾಶ್ವತ ಹಾನಿ, ಕೈಕಾಲಿನ ಮೂಳೆ ಮುರಿತ, ಇಪ್ಪತ್ತು ದಿನ ಮೀರಿ ಕೆಲಸಕ್ಕೆ ಬರಲಾಗದ ಸ್ಥಿತಿ ಎಲ್ಲವೂ ತೀವ್ರ ಗಾಯವೇ. ವರದಿ ಕೊಡದವರಿಗೆ ಹಿಂದೆ ಹೆಚ್ಚೆಂದರೆ 5,000 ರೂಪಾಯಿ ದಂಡವಿತ್ತು. 2017ರ ತಿದ್ದುಪಡಿಯಿಂದ ಅದು ಕನಿಷ್ಠ 50,000, ಗರಿಷ್ಠ 1 ಲಕ್ಷ ರೂಪಾಯಿ ಆಗಿದೆ. ತಿದ್ದುಪಡಿ ಬಂದು ವರ್ಷ ಕಳೆದರೂ ನಾವು ದುಡಿಯುವ ಶೆಡ್ಡುಗಳಲ್ಲಿ ಅದರ ಬಿಸಿ ಯಾರಿಗೂ ತಟ್ಟಿಲ್ಲ. ದಂಡದ ಮೊತ್ತ ಇನ್ನಷ್ಟು ಏರಲಿ ಎಂದು ನಾವು ಕೇಳುತ್ತಿಲ್ಲ. ಇರುವ ದಂಡ ಬೀಳಲಿ, ಅದು ಬೀಳುವಂತೆ ಇಲಾಖೆ ದಾರಿ ಮಾಡಲಿ ಎಂಬುದು ನಮ್ಮ ಕೋರಿಕೆ.

ವರದಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಘಟನೆ ಸಾಕು. ಒಂಬತ್ತು ಜನರ ಶೀಟ್ ಮೆಟಲ್ ಶೆಡ್ಡಿನಲ್ಲಿ ನಮ್ಮ ಪೈಕಿ ಒಬ್ಬರ ಬಲಗೈಯ ಎರಡು ಬೆರಳು ಪವರ್ ಪ್ರೆಸ್‌ಗೆ ಸಿಕ್ಕಿ ತುಂಡಾದವು. ಆಸ್ಪತ್ರೆಗೆ ಕರೆದೊಯ್ದ ಸೂಪರ್‌ವೈಸರ್, ನೋವಿನಲ್ಲಿದ್ದವರ ಪರವಾಗಿ ತಾನೇ ಮಾತಾಡಿ, ಬೈಕಿನ ಚೈನಿಗೆ ಕೈ ಸಿಕ್ಕಿತೆಂದು ಬರೆಸಿದ. ಮಾಲೀಕರು ಆಸ್ಪತ್ರೆ ಬಿಲ್ಲು ಕಟ್ಟಿ, ವಾಸಿಯಾದ ಮೇಲೆ ಕೆಲಸ ಕೊಡುತ್ತೇವೆಂದರು. ಕೆಲಸ ಸಿಗಲಿಲ್ಲ. ಪರಿಹಾರ ಕೇಳಲು ಹೋದಾಗ ಹಾಜರಿ ಪುಸ್ತಕದಲ್ಲಿ ಹೆಸರೇ ಇರಲಿಲ್ಲ, ಸುರಕ್ಷತಾ ಗಾರ್ಡ್ ಇಲ್ಲದಿದ್ದ ಪ್ರೆಸ್‌ಗೆ ಹೊಸ ಗಾರ್ಡ್ ಕೂತಿತ್ತು. ಗಾಯಾಳುವಿನ ಕೈಯಲ್ಲಿ ಉಳಿದದ್ದು ಡಿಸ್ಚಾರ್ಜ್ ಕಾರ್ಡ್ ಒಂದೇ. ಅದರಲ್ಲಿದ್ದುದು ಬೈಕಿನ ಚೈನು.

ಪರಿಹಾರ ತಡವಾದರೆ ಶೇ 12ರ ಬಡ್ಡಿ, ಶೇ 50ರವರೆಗೆ ಹೆಚ್ಚುವರಿ ಮೊತ್ತ ಕೊಡಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಅಪಘಾತ ಕೆಲಸದ ಜಾಗದಲ್ಲೇ ಆಯಿತೆಂದು ಸಾಬೀತಾದ ಮೇಲಷ್ಟೇ ಅದರ ಮಾತು. ಸಾಕ್ಷಿ ಅಳಿಸಿಹೋಗುವ ಮುಂಚೆ ಸರ್ಕಾರಿ ಕಡತಕ್ಕೆ ಸೇರಬೇಕಾದ ಮೊದಲ ಕಾಗದವೇ ಈ ಏಳು ದಿನದ ವರದಿ.

ಮೇಲಿನ ಶೆಡ್ಡಿಗೆ ಕಲಂ 10-ಬಿ ಅನ್ವಯಿಸಲೇ ಇಲ್ಲ ಎಂಬುದನ್ನೂ ತಮ್ಮ ಗಮನಕ್ಕೆ ತರುತ್ತೇವೆ. ಬೇರೊಂದು ಕಾನೂನಿನಡಿ ಅಪಘಾತದ ನೋಟಿಸ್ ಕೊಡಬೇಕಾದ ಸ್ಥಳಗಳಿಗೆ ಮಾತ್ರ ಈ ಕಲಂ ತಾನಾಗಿ ಅನ್ವಯ. ಉದಾಹರಣೆಗೆ, 1948ರ ಕಾರ್ಖಾನೆ ಕಾಯ್ದೆ, 1996ರ ಕಟ್ಟಡ ಕಾರ್ಮಿಕರ ಕಾಯ್ದೆಗೆ ಒಳಪಟ್ಟ ಸ್ಥಳಗಳು. ಹತ್ತು ಜನರಿಗಿಂತ ಕಡಿಮೆ ಇರುವ ಶೆಡ್ಡು ಸಾಮಾನ್ಯವಾಗಿ ಆ ಕಾಯ್ದೆಗಳಿಂದಲೂ ಹೊರಗೆ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಯೋಜನೆಯಿಂದಲೂ ಹೊರಗೆ. ಈ ಕಂದಕ ಮುಚ್ಚುವ ಅಧಿಕಾರವನ್ನು ಕಾಯ್ದೆ ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ.

ನಮ್ಮ ಹಕ್ಕೊತ್ತಾಯಗಳು:

1. ಕಲಂ 10-ಬಿ(2) ಅಡಿ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಿ, ಹತ್ತಕ್ಕಿಂತ ಕಡಿಮೆ ಜನರಿರುವ ಪ್ರೆಸ್ ಶೆಡ್ಡು, ಸಾಮಿಲ್ಲು, ಇಟ್ಟಿಗೆ ಗೂಡು, ಕಲ್ಲು ಪಾಲಿಶ್ ಘಟಕಗಳಿಗೂ ಏಳು ದಿನದ ವರದಿಯನ್ನು ಕಡ್ಡಾಯ ಮಾಡಬೇಕು. ವರದಿ ಕೊಡಬೇಕಾದವರು ಮಾಲೀಕರೋ ಗುತ್ತಿಗೆದಾರರೋ ಎಂಬುದನ್ನು ಅದರಲ್ಲೇ ಸ್ಪಷ್ಟಪಡಿಸಬೇಕು.

2. ಕೆಲಸದ ವೇಳೆ ಸಂಭವಿಸಿದ ಸಾವಿನ ಯುಡಿಆರ್ (ಅಸಹಜ ಸಾವಿನ ವರದಿ) ಪ್ರತಿಯನ್ನು ಪೊಲೀಸ್ ಠಾಣೆಗಳು, ಗಾಯದ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಮಾಹಿತಿಯನ್ನು ಆಸ್ಪತ್ರೆಗಳು ಆಯುಕ್ತರ ಕಚೇರಿಗೆ ಕಳುಹಿಸುವಂತೆ ಗೃಹ ಮತ್ತು ಆರೋಗ್ಯ ಇಲಾಖೆಗಳ ಜತೆ ಸೇರಿ ಸುತ್ತೋಲೆ ಹೊರಡಿಸಬೇಕು. ಸಾವಿನ ಸುದ್ದಿ ಯಾವ ಮೂಲದಿಂದ ಬಂದರೂ ಮಾಲೀಕರಿಗೆ ನೋಟಿಸ್ ಕೊಟ್ಟು 30 ದಿನದೊಳಗೆ ಹೇಳಿಕೆ ಪಡೆಯಲು ಕಲಂ 10-ಎ ಅವಕಾಶ ಕೊಟ್ಟಿದೆ. ಅದು ಬಳಕೆಗೆ ಬರಬೇಕು.

3. ಆಸ್ಪತ್ರೆ ದಾಖಲೆಯಲ್ಲಿ ಗಾಯದ ಕಾರಣವನ್ನು ಗಾಯಾಳುವಿನಿಂದಲೇ ಕೇಳಿ ಬರೆಯಬೇಕು. ಕೂಡಲೇ ಸಾಧ್ಯವಾಗದಿದ್ದರೆ, ಹೇಳಿದವರು ಯಾರೆಂಬುದನ್ನು ನಮೂದಿಸಬೇಕು.

4. ಕಲಂ 18-ಎ ಅಡಿ ಮೊಕದ್ದಮೆಗೆ ಆಯುಕ್ತರ ಪೂರ್ವಾನುಮತಿ ಬೇಕು. ತಪ್ಪು ಅವರ ಗಮನಕ್ಕೆ ಬಂದ ಆರು ತಿಂಗಳೊಳಗೆ ದೂರು ದಾಖಲಾಗದಿದ್ದರೆ ನ್ಯಾಯಾಲಯ ಅದನ್ನು ಪರಿಗಣಿಸುವಂತಿಲ್ಲ. ಕಡತ ಮೇಜಿನ ಮೇಲೆ ಕೊಳೆತರೆ ತಪ್ಪಿತಸ್ಥ ಪಾರಾದ ಹಾಗೆ. ಆದ್ದರಿಂದ ಕಾರ್ಮಿಕ ನಿರೀಕ್ಷಕರು 30 ದಿನದೊಳಗೆ ಪ್ರಸ್ತಾವ ಸಲ್ಲಿಸಬೇಕು, ಸಲ್ಲಿಸದಿದ್ದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು.

5. ಯಾರೂ ದೂರುವ ಮುನ್ನ ತಾವಾಗಿ ವರದಿ ಕೊಟ್ಟು, ಅದು ಕೆಲವು ದಿನ ತಡವಾದ ಸಣ್ಣ ಮಾಲೀಕರನ್ನೂ ಸುಳ್ಳು ಬರೆಸಿ ಮುಚ್ಚಿಟ್ಟವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲನೆಯವರಿಗೆ ಒಮ್ಮೆ ಎಚ್ಚರಿಕೆ ಸಾಕು. ಎರಡನೆಯವರ ಮೇಲೆ ಮೊಕದ್ದಮೆ ತಪ್ಪಬಾರದು. ದಂಡಕ್ಕೆ ಹೆದರಿ ತಡವಾದ ವರದಿಯನ್ನು ಕೊಡದೇ ಇರುವಂತಾದರೆ ನಷ್ಟ ಕಾರ್ಮಿಕನಿಗೇ.

6. ವರದಿಯ ಪ್ರತಿ ಗಾಯಾಳು ಅಥವಾ ಕುಟುಂಬದವರ ಕೈಸೇರಬೇಕು. ಕೆಲಸಕ್ಕೆ ಸೇರುವಾಗಲೇ ಪರಿಹಾರದ ಹಕ್ಕನ್ನು ಬರಹದಲ್ಲಿ ತಿಳಿಸಬೇಕೆಂಬ ಕಲಂ 17-ಎ ಪಾಲನೆಯಾಗಬೇಕು. ಬಿಹಾರ, ಒಡಿಶಾದಿಂದ ಬಂದವರಿಗೆ ಕನ್ನಡದ ಚೀಟಿ ಕೊಟ್ಟು ಸಹಿ ಹಾಕಿಸಿಕೊಂಡರೆ ತಿಳಿಸಿದಂತಾಗುವುದಿಲ್ಲ.

7. ಎಷ್ಟು ವರದಿ ಬಂದವು, ಎಷ್ಟು ತಡವಾದವು, ಎಷ್ಟು ಮೊಕದ್ದಮೆ ಹೂಡಲಾಯಿತು, ಎಷ್ಟು ದಂಡ ವಸೂಲಾಯಿತು ಎಂಬ ಜಿಲ್ಲಾವಾರು ವಿವರವನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು.

8. ಈ ಕಾಯ್ದೆ ಸೇರಿದಂತೆ ಸಾಮಾಜಿಕ ಭದ್ರತೆಯ ಕಾರ್ಮಿಕ ಕಾನೂನುಗಳನ್ನು ಒಂದೇ ಸಂಹಿತೆಗೆ ಸೇರಿಸುವ ಕರಡು ಕೇಂದ್ರದ ಮುಂದಿದೆ. ಏಳು ದಿನದ ಗಡುವನ್ನೂ ಕನಿಷ್ಠ ದಂಡವನ್ನೂ ಅದರಲ್ಲಿ ಸಡಿಲಿಸಬಾರದು, ದಂಡದ ಒಂದು ಪಾಲು ಗಾಯಾಳುವಿಗೆ ಸಲ್ಲಬೇಕು ಎಂದು ರಾಜ್ಯ ಸರ್ಕಾರ ಲಿಖಿತವಾಗಿ ಒತ್ತಾಯಿಸಬೇಕು.

ಇವುಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದವಕ್ಕೆ ಹೊಸ ಕಾನೂನು ಬೇಕಿಲ್ಲ. ಅಧಿಸೂಚನೆ, ಸುತ್ತೋಲೆ, ನಿಗದಿತ ಗಡುವು ಇದ್ದರೆ ಸಾಕು. ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು 30 ದಿನದೊಳಗೆ ಲಿಖಿತವಾಗಿ ತಿಳಿಸಬೇಕೆಂದೂ, ಅಧಿಸೂಚನೆಯ ಕರಡು ಅಂತಿಮವಾಗುವ ಮುನ್ನ ಕಾರ್ಮಿಕ ಪ್ರತಿನಿಧಿಗಳ ಸಭೆ ಕರೆಯಬೇಕೆಂದೂ ವಿನಂತಿಸುತ್ತೇವೆ.



ತಮ್ಮ ವಿಶ್ವಾಸಿಗಳು
(ಸಹಿಗಳ ಪಟ್ಟಿ ಲಗತ್ತಿಸಿದೆ)

ಪ್ರತಿ: ಕಾರ್ಮಿಕ ಆಯುಕ್ತರು, ಕಾರ್ಮಿಕ ಭವನ, ಬನ್ನೇರುಘಟ್ಟ ರಸ್ತೆ, ಬೆಂಗಳೂರು — ಮಾಹಿತಿಗಾಗಿ ಹಾಗೂ ಅಗತ್ಯ ಕ್ರಮಕ್ಕಾಗಿ.